ಬೇವಿನ ಗಿಡದ ಮನೆಗೆ ಮೂರನೇ ಭೇಟಿ

ಮೊನ್ನೆ ಗುರುವಾರ ಸಂಜೆ ಬಾಗಲಕೋಟೆ ನವನಗರದಿಂದ ಒಂದು ಫೋನ್ ಬಂತು. ನನ್ನ ಮೊಬೈಲ್‌ನಲ್ಲಿ ಆ ನಂಬರಿಗೆ ಹೆಸರಿಲ್ಲ. "ನೀಲಿ ಗೇಟು, ಬೇವಿನ ಗಿಡ" ಅಂತ ಮಾತ್ರ ಇದೆ. ಫೀಲ್ಡಿಗೆ ಹೋಗುತ್ತಿದ್ದಾಗ ಮನೆಗಳನ್ನು ಹೀಗೇ ಗುರುತು ಹಾಕಿಕೊಳ್ಳುತ್ತಿದ್ದೆ, ಯಾರ ಹೆಸರೂ ನನ್ನ ಫೋನಿನಲ್ಲಿ ಇರಬಾರದು ಅಂತ. ಮಾತಾಡಿದ್ದು ಆ ಮನೆಯ ಸೊಸೆ.

"ಅಕ್ಕಾರ, ಈ ವರ್ಷ ಯಾಕ್ರೀ ಬರ್ಲೇ ಇಲ್ಲ? ಅತ್ತಿಯಾರನ್ನ ನೋಡಾಕ ಬರ್ತೀನಿ ಅಂದಿದ್ರಿ. ಈಗ ಭಾಳ ಬ್ಯಾರೆ ಆಗ್ಯಾರ್ರೀ ಅವ್ರು. ರಾತ್ರಿ ಎದ್ದು ಹಳೇ ಮನಿಗೆ ಹೋಗೂಣ ನಡ್ರಿ ಅಂತಾರ."

ಅವರ ಹಳೇ ಮನೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋಗಿದೆ. ನಾನು, ಪ್ರಾಜೆಕ್ಟ್ ಮುಗಿಯಿತು ಕಣಮ್ಮ, ಅದಕ್ಕೆ ಬರಲಾಗಲಿಲ್ಲ ಅಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅತ್ತಿಯಾರ ಬ್ಯಾನಿ ಮುಗದಿಲ್ಲಲ್ರೀ" ಅಂದಳು. ಜಗಳದ ದನಿ ಅಲ್ಲ. ಸುಮ್ನೆ ಇದ್ದದ್ದನ್ನು ಹೇಳಿದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಅತ್ತೆಗೆ ಇರುವಂಥ ಮರೆವಿನ ಕಾಯಿಲೆ, ಡಿಮೆನ್ಶಿಯಾ ಬಗ್ಗೆ ಕನ್ನಡದಲ್ಲಿ ಈಗ ಸಾಕಷ್ಟು ಬರುತ್ತಿದೆ. ಲಕ್ಷಣ ಏನು, ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು, ಯಾವ ಡಾಕ್ಟರ ಹತ್ತಿರ ಹೋಗಬೇಕು ಎಲ್ಲಾ. ಆದರೆ ಈ ಕಾಯಿಲೆಯ ಬೆನ್ನು ಹತ್ತಿದ ಹುಡುಗ ಹುಡುಗಿಯರ ಬಗ್ಗೆ, ಅಂದರೆ ಈಗಷ್ಟೇ ಪಿಎಚ್‌ಡಿ ಮುಗಿಸಿದವರು, ಇನ್ನೂ ಮಾಡುತ್ತಿರುವವರು, ಪ್ರಾಜೆಕ್ಟ್ ಅಸಿಸ್ಟೆಂಟ್ ಅಂತ ಬ್ಯಾಗ್ ಹಾಕಿಕೊಂಡು ಮನೆ ಮನೆ ತಿರುಗುವವರು, ಇವರ ಬಗ್ಗೆ ಮಾತೇ ಇಲ್ಲ. ಇವರು ಉಳಿದರೆ ತಾನೇ ಸಂಶೋಧನೆ ಉಳಿಯುವುದು?

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಗುಳೇದಗುಡ್ಡದವಳು. ಧಾರವಾಡದಲ್ಲಿ ಮನಃಶಾಸ್ತ್ರದ ಎಂಎ ಮಾಡಿದೆ. ಮದುವೆಯಾಯಿತು, ಬಾಗಲಕೋಟೆಗೆ ಬಂದೆ, ಮಗಳು ಹುಟ್ಟಿದಳು, ಅವಳು ಅಂಗನವಾಡಿಗೆ ಹೋಗುವಂತಾದ ಮೇಲೆ ಪಿಎಚ್‌ಡಿಗೆ ಸೇರಿದೆ. ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಪಾಸಾಗಿತ್ತು, ಪಿಎಚ್‌ಡಿ ಮಾಡುವಾಗ ತಿಂಗಳಿಗಿಷ್ಟು ಅಂತ ಸಿಗುವ ಫೆಲೋಶಿಪ್ ಜೆಆರ್‌ಎಫ್ ಸಿಗಲಿಲ್ಲ. ಕೊನೆಯ ವರ್ಷದಲ್ಲಿ ವಯಸ್ಸಾದವರ ಮರೆವಿನ ಬಗ್ಗೆ ಮೂರು ವರ್ಷದ ಒಂದು ಪ್ರಾಜೆಕ್ಟಿಗೆ ಜನ ಬೇಕಾಗಿದ್ದಾರೆ ಅಂತ ಗೊತ್ತಾಯಿತು, ಸೇರಿಕೊಂಡೆ. ಅದೇ ಮನೆಗಳಿಗೆ ವರ್ಷಕ್ಕೊಮ್ಮೆ ಹೋಗಿ, ಅದೇ ಪ್ರಶ್ನೆ ಕೇಳಿ, ಯಾರಲ್ಲಿ ಏನು ಬದಲಾಯಿತು ಅಂತ ಬರೆದುಕೊಳ್ಳುವ ಕೆಲಸ. ಮೊದಲ ಭೇಟಿ ಆಯಿತು. ಎರಡನೆಯದೂ ಆಯಿತು. ಮೂರನೇ ಭೇಟಿಯ ಹೊತ್ತಿಗೆ ಹಣದ ಕೊನೇ ಕಂತು ಬರಲೇ ಇಲ್ಲ. ಬಂದಾಗ ಫೀಲ್ಡಿನ ಸಮಯ ಕಳೆದಿತ್ತು, ನಮ್ಮ ಕಾಂಟ್ರಾಕ್ಟೂ ಮುಗಿದಿತ್ತು.

ನಮ್ಮ ಕಡೆ "ಅರವತ್ತಕ್ಕೆ ಅರಳು ಮರಳು" ಅಂತ ಒಂದು ಮಾತಿದೆ. ಮನೆ ಮನೆಗೆ ಹೋದಾಗ ನಮಗೆ ಜಾಸ್ತಿ ಕಷ್ಟ ಕೊಟ್ಟಿದ್ದು ಇದೇ ಮಾತು. ವಯಸ್ಸಾದ ಮೇಲೆ ಹಂಗೇರಿ, ಅದಕ್ಕೇನು ನೋಡೋದೈತಿ ಅನ್ನುತ್ತಾರೆ. ಆದರೆ ಅರವತ್ತಾದ ಎಲ್ಲರಿಗೂ ಡಿಮೆನ್ಶಿಯಾ ಬರುವುದಿಲ್ಲ. ದೇಶದಾದ್ಯಂತ ನಡೆದ ಲಾಸಿ-ಡ್ಯಾಡ್ ಅಧ್ಯಯನದ ಲೆಕ್ಕ 2023ರಲ್ಲಿ ಬಂತು. ಅದರ ಪ್ರಕಾರ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ ಡಿಮೆನ್ಶಿಯಾ ಇದೆ, ಅಂದರೆ ಸುಮಾರು 88 ಲಕ್ಷ ಜನ. ಪಟ್ಟಣಗಳಲ್ಲಿ ನೂರಕ್ಕೆ 5.3 ಇದ್ದರೆ ಹಳ್ಳಿಗಳಲ್ಲಿ 8.4. ಗಂಡಸರಲ್ಲಿ 5.8, ಹೆಂಗಸರಲ್ಲಿ 9. ಇದನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳೇ ಕಣ್ಣ ಮುಂದೆ ಬಂದವು. ಶಾಲೆ ಮೆಟ್ಟಿಲು ಹತ್ತದ ಹೆಂಗಸರು, ಹಳ್ಳಿಯಲ್ಲೇ ಇರುವವರು, ಈ ಕಾಯಿಲೆ ಜಾಸ್ತಿ ಇರುವುದು ಅವರಲ್ಲೇ. ದೊಡ್ಡ ಪ್ರಯೋಗಾಲಯಗಳಿರುವುದು ಅವರಿಂದ ನೂರಾರು ಕಿಲೋಮೀಟರ್ ದೂರದಲ್ಲಿ.

ಈಗ ಆ ಬೇವಿನ ಗಿಡದ ಮನೆಯ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಮರೆವು ನೋಡುವ ಪರೀಕ್ಷೆಗಳಲ್ಲಿ ತುಂಬಾ ಹಳೆಯದು, ಎಲ್ಲರೂ ಬಳಸುವುದು, 1975ರಲ್ಲಿ ಅಮೆರಿಕದಲ್ಲಿ ಬಂದ 30 ಅಂಕದ ಎಂಎಂಎಸ್ಇ. ಅದರಲ್ಲಿ 10 ಅಂಕ ಕಾಲ ಮತ್ತು ಜಾಗದ್ದು. ಇದು ಯಾವ ವರ್ಷ, ಯಾವ ತಿಂಗಳು, ಯಾವ ಊರು, ಹೀಗೆ. ನಮ್ಮ ಹತ್ತಿರವೂ ಅದೇ ಥರದ ಒಂದು ಫಾರ್ಮ್ ಇತ್ತು.

"ಇದು ಯಾವ ಜಿಲ್ಲೆ ಅಜ್ಜಿ?" ಅಂದೆ.

"ಬಿಜಾಪುರ."

ಫಾರ್ಮಿನ ಪ್ರಕಾರ ತಪ್ಪು, ಸೊನ್ನೆ. ಆದರೆ ಬಾಗಲಕೋಟೆ ಜಿಲ್ಲೆಯಾದದ್ದೇ 1997ರಲ್ಲಿ. ಆ ಅಜ್ಜಿ ಹುಟ್ಟಿದ್ದು, ಮದುವೆಯಾದದ್ದು, ಮಕ್ಕಳನ್ನು ಹೆತ್ತದ್ದು ಎಲ್ಲಾ ಬಿಜಾಪುರ ಜಿಲ್ಲೆಯಲ್ಲಿ, ಊರು ಬಿಟ್ಟು ಎಲ್ಲಿಗೂ ಹೋಗದೆ. ಆ ಬಿಜಾಪುರವೂ 2014ರಲ್ಲಿ ವಿಜಯಪುರ ಆಯಿತು.

"ಮತ್ತ ಇದು ಯಾವ ಊರು?"

"ಇದು ನವನಗರ."

"ನಿಮ್ಮೂರು?"

"ಬಾಗಲಕೋಟಿ. ಅದು ಕೆಳಗ ನೀರಾಗ ಐತಿ ಯವ್ವಾ."

ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು ಹೇಳಿ. ಆ ಮಾತಿನಲ್ಲಿ ಮರೆವು ಎಲ್ಲಿದೆ? ಊರು ಮುಳುಗಿ, ಗುಡ್ಡದ ಮೇಲೆ ಸೆಕ್ಟರ್ ನಂಬರುಗಳ ಹೊಸ ಊರಿಗೆ ಬಂದ ಮನುಷ್ಯರಿಗೆ "ನೀವು ಎಲ್ಲಿದ್ದೀರಿ" ಅನ್ನುವ ಪ್ರಶ್ನೆ ಬೇರೆಯೇ ಅಲ್ವಾ.

ಆಮೇಲೆ ಯಾವ ತಿಂಗಳು ಅಂತ ಕೇಳಿದೆ. "ಶ್ರಾವಣ ಮುಗೀತು. ಹುಬ್ಬಿ ಮಳಿ ನಡದೈತಿ" ಅಂದರು. ಸೆಪ್ಟೆಂಬರ್ ಮೊದಲ ವಾರ ಅದು. ಹುಬ್ಬೆ ಮಳೆ ನಡೆದಿತ್ತು, ನಿಜ. ಆದರೆ ಫಾರ್ಮಿನಲ್ಲಿ ಇದ್ದದ್ದು ಸೆಪ್ಟೆಂಬರ್ ಅನ್ನುವ ಒಂದೇ ಉತ್ತರ. ಸೊನ್ನೆ ಹಾಕಿದೆ, ಹಾಕಲೇಬೇಕು. ಪಕ್ಕದ ಜಾಗದಲ್ಲಿ ಪೆನ್ಸಿಲ್‌ನಿಂದ "ಹುಬ್ಬಿ ಮಳಿ ಅಂದರು" ಅಂತ ಬರೆದುಕೊಂಡೆ.

ಒಂದು ವರ್ಷದ ನಂತರ ಅದೇ ವಾರ ಮತ್ತೆ ಹೋದೆ. ಅದೇ ಬೇವಿನ ಗಿಡ, ಅದೇ ಕಟ್ಟೆ. ಜಿಲ್ಲೆ ಬಿಜಾಪುರ ಅಂದರು. ಯಾವ ತಿಂಗಳು ಅಂದೆ, ಗೊತ್ತಿಲ್ಲ ಅಂದರು. ಮಳಿ ಯಾವುದು ನಡದೈತಿ ಅಜ್ಜಿ ಅಂತ ನಾನೇ ಕೇಳಿದೆ. ಅಜ್ಜಿ ಸೊಸೆಯ ಮುಖ ನೋಡಿದರು. ನೋಡುತ್ತಲೇ ಇದ್ದರು. ಪ್ರಶ್ನೆ ಕೇಳಿದಾಗ ಉತ್ತರಕ್ಕಾಗಿ ಮನೆಯವರ ಕಡೆ ತಲೆ ತಿರುಗಿಸುವುದನ್ನು ನರರೋಗದ ವೈದ್ಯರು ಒಂದು ಗುರುತಾಗಿಯೇ ನೋಡುತ್ತಾರೆ. ಫಾರ್ಮಿನಲ್ಲಿ ಆ ಪ್ರಶ್ನೆಗೆ ಎರಡೂ ವರ್ಷ ಸೊನ್ನೆಯೇ ಇದೆ. ಕಾಗದ ನೋಡಿದವರಿಗೆ ಅಲ್ಲಿ ಏನೂ ಬದಲಾಗಿಲ್ಲ. ಆದರೆ ಆ ಒಂದು ವರ್ಷದಲ್ಲಿ ಮಳೆಯ ಹೆಸರು ಹೋಗಿತ್ತು. ಒಕ್ಕಲುತನದ ಮನೆಯಲ್ಲಿ ಎಪ್ಪತ್ತು ವರ್ಷ ಕಳೆದ ಹೆಂಗಸಿಗೆ ಮಳೆಯ ಹೆಸರು ಹೋಗುವುದು ಅಂದರೆ ಎಷ್ಟು ದೊಡ್ಡದು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಅದು ಗೊತ್ತಾಗಿದ್ದಕ್ಕೆ ಕಾರಣ ಎರಡೇ. ನಾನು ಈ ಕಡೆಯವಳು, ಮತ್ತು ಹಿಂದಿನ ವರ್ಷವೂ ಹೋದವಳು ನಾನೇ. ಎರಡನೇ ವರ್ಷ ಬೇರೆ ಯಾರೋ ಹೊಸಬರು ಹೋಗಿದ್ದರೆ ಎರಡನೇ ಸೊನ್ನೆ ಹಾಕಿ ಎದ್ದು ಬರುತ್ತಿದ್ದರು. ತಪ್ಪು ಅವರದಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು?

ಇಂಥವು ಇನ್ನೂ ಬಹಳ ಇವೆ. ನೆನಪಿಟ್ಟು ಹೇಳಬೇಕಾದ ಮಾತುಗಳ ನಮ್ಮ ಪಟ್ಟಿಯಲ್ಲಿ "ಕಡಲೆಕಾಯಿ" ಅಂತ ಒಂದಿತ್ತು. ಒಬ್ಬ ಅಜ್ಜ ಐದು ನಿಮಿಷ ಆದ ಮೇಲೆ ನೆನಪಿಸಿಕೊಂಡು "ಶೇಂಗಾ" ಅಂದರು. ಅರ್ಥ ನೆನಪಿತ್ತು, ಶಬ್ದ ಅವರ ಮನೆಯದಾಯಿತು. ಅಂಕ ಕೊಡಬೇಕೋ ಬೇಡವೋ? ಗೈಡ್‌ಗೆ ಫೋನ್ ಮಾಡಿ ಕೇಳಿದೆ, ಅವರು ಬೇರೆ ಇಬ್ಬರನ್ನು ಕೇಳಿದರು, ಒಂದು ನಿಯಮಕ್ಕೆ ಬರಲು ಹತ್ತು ದಿನ ಹಿಡಿಯಿತು. ಇಳಕಲ್ಲಿನಲ್ಲಿ ಒಬ್ಬ ತಾಯಿಗೆ ಎರಡು ಐದುಮೂಲೆ ಚಿತ್ರ ತೋರಿಸಿ ಹೀಗೇ ಬರೀರಿ ಅಂತ ಪೆನ್ಸಿಲ್ ಕೊಟ್ಟೆ. ಅವರು ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಹಿಡಿದರು. ಜೀವನದಲ್ಲಿ ಮೊದಲ ಸಲ ಹಿಡಿದದ್ದು. ಗೆರೆ ಎಲ್ಲೋ ಹೋಯಿತು, ನಾಚಿಕೊಂಡು ವಾಪಸ್ ಕೊಟ್ಟರು. ಅದೇ ತಾಯಿ ನಾನು ಬ್ಯಾಗ್ ತುಂಬಿಕೊಳ್ಳುವಷ್ಟರಲ್ಲಿ ಮಗ್ಗದ ಹತ್ತಿರ ಕುಳಿತು, ಇಳಕಲ್ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಸೇರಿಸುವ ಕೊಂಡಿ ಕೆಲಸ ಶುರು ಮಾಡಿದರು. ಒಂದೊಂದೇ ಎಳೆ, ಕುಣಿಕೆಯೊಳಗೆ ಕುಣಿಕೆ. ಒಂದು ಎಳೆಯೂ ತಪ್ಪಲಿಲ್ಲ. ನಾನು ಬಾಗಿಲಲ್ಲೇ ನಿಂತು ನೋಡಿದೆ. ಕೈಬೆರಳಿಗೆ ಗೊತ್ತಿರುವ ಆ ಲೆಕ್ಕವನ್ನು ಅಳೆಯುವ ಪರೀಕ್ಷೆಯನ್ನು ಯಾರಾದರೂ ಕೂತು ಮಾಡಬೇಕಲ್ಲ?

ಇಂಥ ಪ್ರಯತ್ನವೇ ಆಗಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಓದು ಬರಹ ಇಲ್ಲದವರಿಗೆ ಹೊಂದುವಂತೆ ಹಿಂದಿಯಲ್ಲಿ ಒಂದು ಪರೀಕ್ಷೆಯನ್ನು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ತಯಾರು ಮಾಡಿ 1995ರಲ್ಲೇ ಪ್ರಕಟಿಸಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಯಾರಿಸಿದ, ನೆನಪು ಮತ್ತು ಯೋಚನೆಯ ಶಕ್ತಿ ಅಳೆಯುವ ಪರೀಕ್ಷೆಗಳ ನ್ಯೂರೋಕಾಗ್ನಿಟಿವ್ ಟೂಲ್ ಬಾಕ್ಸ್ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಐದು ಭಾಷೆಗಳಲ್ಲಿ ಇದೆ. ಕನ್ನಡ ಅದರಲ್ಲಿ ಇರುವುದು ನಮಗೆ ದೊಡ್ಡ ವಿಷಯ. ಆದರೆ ಕನ್ನಡ ಅಂದರೆ ಒಂದೇ ಕನ್ನಡ ಅಲ್ವಲ್ಲ. ಕೋಲಾರದಿಂದ ಬೀದರದವರೆಗೆ, ಕಾರವಾರದಿಂದ ಬಳ್ಳಾರಿವರೆಗೆ ಅದನ್ನು ಹೊಂದಿಸಿ ನೋಡುವುದು, ಯಾವ ಊರಿನಲ್ಲಿ ಎಷ್ಟು ಅಂಕ ಅಂದರೆ ಸರಿ ಅಂತ ತಾಳೆ ನೋಡುವುದು, ಇದೆಲ್ಲಾ ನಿಧಾನದ ಕೆಲಸ. ಹೆಸರು ಬರುವ ಕೆಲಸವೂ ಅಲ್ಲ. ಇದನ್ನು ಮಾಡುವವರು ಎಳೆಯ ಸಂಶೋಧಕರೇ. ಪ್ರೊಫೆಸರುಗಳು ಹಳ್ಳಿಯ ಕಟ್ಟೆ ಮೇಲೆ ಎರಡು ಗಂಟೆ ಕೂರಲು ಆಗುವುದಿಲ್ಲ, ಅವರಿಗೆ ಬೇರೆ ಕೆಲಸ ಇರುತ್ತದೆ.

ಇಲ್ಲೇ ನನ್ನ ಮುಖ್ಯ ಮಾತು. ಡಿಮೆನ್ಶಿಯಾಗೆ ದೊಡ್ಡ ಕಾರಣವಾದ ಅಲ್ಝೈಮರ್ ಕಾಯಿಲೆಯಲ್ಲಿ ಮೆದುಳಿನ ಬದಲಾವಣೆ ಲಕ್ಷಣ ಕಾಣುವುದಕ್ಕಿಂತ 15, 20 ವರ್ಷ ಮೊದಲೇ ಶುರುವಾಗುತ್ತದೆ. ಲಕ್ಷಣ ಕಂಡ ಮೇಲೂ ಮನುಷ್ಯ ಎಷ್ಟೋ ವರ್ಷ ಇರುತ್ತಾನೆ. ಇಷ್ಟು ನಿಧಾನದ ಕಾಯಿಲೆಯನ್ನು ನಾವು ಎರಡು ವರ್ಷದ, ಮೂರು ವರ್ಷದ ತುಂಡು ಹಣದಲ್ಲಿ ಹಿಡಿಯಲು ಹೋಗುತ್ತಿದ್ದೇವೆ. ಆ ಮೂರು ವರ್ಷದ ಒಳಗೂ ಫೀಲ್ಡಿನವರಿಗೆ 11 ತಿಂಗಳ ಕಾಂಟ್ರಾಕ್ಟ್, ಒಂದು ದಿನ ಬ್ರೇಕ್, ಮತ್ತೆ 11 ತಿಂಗಳು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅನ್ನುವ ಊರಿನಲ್ಲಿ 1948ರಲ್ಲಿ 5,209 ಜನರನ್ನಿಟ್ಟುಕೊಂಡು ಹೃದಯದ ಕಾಯಿಲೆ ಬಗ್ಗೆ ಅಧ್ಯಯನ ಶುರು ಮಾಡಿದರು. ಅವರ ಮಕ್ಕಳು, ಮೊಮ್ಮಕ್ಕಳವರೆಗೂ ಅದು ಮುಂದುವರಿಯಿತು. ಬಿಪಿ, ಸಕ್ಕರೆ ಕಾಯಿಲೆಗೂ ಮೆದುಳಿಗೂ ಇರುವ ಸಂಬಂಧದ ಬಗ್ಗೆ ಗೊತ್ತಾದದ್ದರಲ್ಲಿ ಅದರ ಪಾಲು ದೊಡ್ಡದು. ಅಲ್ಲಿ ಒಬ್ಬರು ನಿವೃತ್ತಿಯಾದರೆ ಇನ್ನೊಬ್ಬರು ಬಂದರು. ಅಧ್ಯಯನ ನಿಲ್ಲಲಿಲ್ಲ. ನಮ್ಮಲ್ಲೂ ಇಂಥದ್ದು ಒಂದಿದೆ. ಬೆಂಗಳೂರಿನ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 10,000 ಜನರನ್ನು ವರ್ಷಾನುಗಟ್ಟಲೆ ನೋಡುತ್ತಾ ಹೋಗುವ ಅಧ್ಯಯನ ಹಾಕಿಕೊಂಡಿದೆ. ಅದನ್ನು ನೋಡಿದರೆ ಖುಷಿಯಾಗುತ್ತದೆ. ಕೃಷ್ಣೆ, ಘಟಪ್ರಭೆ, ಡೋಣಿ ದಂಡೆಯ ಊರುಗಳಲ್ಲೂ ಒಂದು ಬೇಕು ಅಂತ ಆಸೆಯೂ ಆಗುತ್ತದೆ.

ಈ ಕಡೆ ಆಗುವುದಿಲ್ಲ ಅಂತ ಯಾರಾದರೂ ಅಂದರೆ ನಾನು ಬೆಳಗಾವಿಯ ಉದಾಹರಣೆ ಕೊಡುತ್ತೇನೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಕೆಲಸ ಮಾಡುತ್ತದೆಯೇ ಅಂತ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ ಅಧ್ಯಯನ ನಡೆಯಿತು. ಮಾತ್ರೆ ಕೊಟ್ಟವರು ಹಳ್ಳಿಯ ನರ್ಸಮ್ಮಂದಿರು. ರಕ್ತಸ್ರಾವ ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳಿಯಿತು, 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು, ಜಗತ್ತೇ ನೋಡಿತು. ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ತಾಯಿ ಮಗುವಿನ ಆರೋಗ್ಯದ ಸಂಶೋಧನಾ ತಂಡ 20 ವರ್ಷಕ್ಕಿಂತ ಜಾಸ್ತಿ ಕಾಲ ಬಿಡದೆ ಕೆಲಸ ಮಾಡುತ್ತಾ ಬಂದಿದೆ. ಹಣ ಹರಿದು ಬಂದರೆ, ಜನ ಉಳಿದರೆ, ನಮ್ಮ ಊರುಗಳಿಂದ ಏನು ಬರಬಹುದು ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಾ? ತಾಯಿ ಮಗುವಿಗೆ ಆದದ್ದು ಅಜ್ಜ ಅಜ್ಜಿಗೆ ಯಾಕೆ ಆಗಬಾರದು?

ಬೆಳಗಾವಿಯಲ್ಲಿ ಕೇಳಬಹುದಾದ ಇನ್ನೊಂದು ಪ್ರಶ್ನೆ ನನ್ನ ತಲೆಯಲ್ಲಿ ವರ್ಷಗಳಿಂದ ಇದೆ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಡಿಮೆನ್ಶಿಯಾ ಇದ್ದ 648 ಜನರನ್ನು ನೋಡಿ 2013ರಲ್ಲಿ ಒಂದು ಲೇಖನ ಬರೆದರು. ಎರಡು ಭಾಷೆ ಮಾತಾಡುವವರಲ್ಲಿ ಕಾಯಿಲೆ ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ ಕಂಡಿತ್ತು. ಶಾಲೆಗೆ ಹೋಗದವರಲ್ಲೂ ಆ ವ್ಯತ್ಯಾಸ ಕಂಡಿತು. ಬೆಳಗಾವಿಯ ಖಡೇಬಜಾರಿನಲ್ಲಿ ಅರ್ಧ ಗಂಟೆ ನಿಂತು ಕೇಳಿ. ಒಬ್ಬನೇ ಅಂಗಡಿಯವನು ಒಂದು ಗಿರಾಕಿಗೆ ಕನ್ನಡ, ಇನ್ನೊಂದಕ್ಕೆ ಮರಾಠಿ, ಮತ್ತೊಂದಕ್ಕೆ ಉರ್ದು ಮಾತಾಡುತ್ತಾನೆ. ಅವನಿಗೆ ಎಪ್ಪತ್ತಾದಾಗ ಏನಾಗುತ್ತದೆ? ಯಾವ ಭಾಷೆ ಮೊದಲು ಹೋಗುತ್ತದೆ, ಯಾವುದು ಉಳಿಯುತ್ತದೆ? ಈ ಪ್ರಶ್ನೆಗೆ ಬೆಳಗಾವಿಯಂಥ ಊರು ಸಿಗುವುದು ಕಷ್ಟ. ಆದರೆ ಇದನ್ನು ಹಿಡಿದು ಹತ್ತು ವರ್ಷ ಕೂರಬೇಕಾದ ಹುಡುಗಿಗೆ ಹತ್ತು ವರ್ಷದ ಭರವಸೆ ಯಾರು ಕೊಡುತ್ತಾರೆ?

ಹಣದ ಮಾತಿಗೆ ಬರೋಣ. ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಯಿತು, ಅದರ ಮುಂದಿನ ಹಂತದ ಎಸ್‌ಆರ್‌ಎಫ್ 42,000. ಸಿಕ್ಕವರಿಗೆ ಒಳ್ಳೆಯದೇ. ಅದಿಲ್ಲದೆ ಕೇಂದ್ರ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ಮಾಡುವವರಿಗೆ ಸಿಗುತ್ತಾ ಬಂದ ನಾನ್-ನೆಟ್ ಫೆಲೋಶಿಪ್ 8,000. ರಾಜ್ಯದ ಕಾಲೇಜುಗಳಲ್ಲಿ ಏನೂ ಇಲ್ಲದೆ ಮಾಡುವವರು ನನ್ನ ಸುತ್ತಲೇ ಇದ್ದಾರೆ. ಮೊತ್ತಕ್ಕಿಂತ ದೊಡ್ಡ ತೊಂದರೆ ಅಂದರೆ ಅದು ಬರುವ ದಿನ ಯಾವುದು ಅಂತ ಯಾರಿಗೂ ಗೊತ್ತಿಲ್ಲದಿರುವುದು. ನಮ್ಮ ಪ್ರಾಜೆಕ್ಟಿನಲ್ಲಿ ಒಂದು ಸಲ ಐದು ತಿಂಗಳು ಸಂಬಳ ಬರಲಿಲ್ಲ. ಕೇಳಿದರೆ ಹಿಂದಿನ ಹಣ ಖರ್ಚಾದ ಲೆಕ್ಕದ ಯುಟಿಲೈಜೇಶನ್ ಸರ್ಟಿಫಿಕೇಟ್ ಹೋಗಿಲ್ಲ ಅಂದರು, ಆಮೇಲೆ ಹೋಗಿದೆ ಆದರೆ ಸಹಿ ಇಲ್ಲ ಅಂದರು. ಸ್ಕೂಟರಿನ ಪೆಟ್ರೋಲ್, ಫಾರ್ಮ್‌ಗಳ ಝೆರಾಕ್ಸ್ ಎಲ್ಲಾ ನಮ್ಮ ಕೈಯಿಂದಲೇ. ನಮ್ಮ ತಂಡದಲ್ಲಿ ಜಮಖಂಡಿ ಕಡೆಯ ಒಬ್ಬ ಹುಡುಗ ಇದ್ದ. ಎಂಥ ಮುನಿದ ಅಜ್ಜನ ಹತ್ತಿರವೂ ಹೋಗಿ ಮಾತಾಡಿಸಿ ಕೂರಿಸಿಬಿಡುತ್ತಿದ್ದ. ಕಿವಿ ಕೇಳದವರ ಹತ್ತಿರ ಯಾವ ಕಡೆ ಕೂರಬೇಕು, ಯಾವಾಗ ಪರೀಕ್ಷೆ ನಿಲ್ಲಿಸಿ ನೀರು ಕುಡಿಸಬೇಕು ಎಲ್ಲಾ ಗೊತ್ತಿತ್ತು. ನಾಲ್ಕನೇ ತಿಂಗಳು ಅವನು ಬಿಟ್ಟುಹೋದ. ಈಗ ಒಂದು ಕಿರುಸಾಲದ ಕಂಪನಿಯಲ್ಲಿ ವಸೂಲಿಗೆ ಹೋಗುತ್ತಾನೆ. ತಂದೆ ತಾಯಿ ಅವನ ಸಂಬಳದ ಮೇಲೆ ಇದ್ದರು, ಬೇರೆ ದಾರಿ ಇರಲಿಲ್ಲ. ಅವನ ಜಾಗಕ್ಕೆ ಯಾರೂ ಬರಲಿಲ್ಲ. ಬಂದಿದ್ದರೂ ಅವನು ಕಲಿತದ್ದನ್ನು ಕಲಿಯಲು ಇನ್ನೆರಡು ವರ್ಷ ಬೇಕಿತ್ತು.

ಅದಕ್ಕೇ ನನ್ನ ಮೊದಲ ಬೇಡಿಕೆ ತುಂಬಾ ಸಣ್ಣದು. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವವರೆಗೆ ಆರು ತಿಂಗಳೋ ವರ್ಷವೋ ಸಂಬಳ ನಿಲ್ಲದಂತೆ ಒಂದು ನಿಧಿ ಇರಲಿ. ಕಂತು ತಡವಾದರೆ ಸಂಸ್ಥೆಯೇ ಮುಂಗಡ ಕೊಟ್ಟು ಆಮೇಲೆ ಹೊಂದಿಸಿಕೊಳ್ಳಲಿ, ಹಾಗೆ ಮಾಡಬೇಕು ಅಂತ ನಿಯಮವೇ ಇರಲಿ. ಇದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಸಂಶೋಧನೆಗೆ ಹಣ ಹಂಚಲು 2023ರಲ್ಲಿ ಕಾಯ್ದೆ ಮಾಡಿ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ ತಂದಿದ್ದಾರೆ, ಐದು ವರ್ಷಕ್ಕೆ 50,000 ಕೋಟಿ ಅಂತ ಗುರಿ ಇಟ್ಟಿದ್ದಾರೆ. ಅದರಲ್ಲಿ ಜಿಲ್ಲೆಯ ಕಾಲೇಜುಗಳಿಗೆ, ಅದರಲ್ಲೂ ವಯಸ್ಸಾದವರ ಮೆದುಳಿನ ಆರೋಗ್ಯಕ್ಕೆ ಅಂತ ಎತ್ತಿಟ್ಟ ಭಾಗ ಒಂದಿರಬೇಕು, ಅದು ಕನಿಷ್ಠ ಎಂಟು ಹತ್ತು ವರ್ಷದ್ದಾಗಿರಬೇಕು. ಪಿಎಚ್‌ಡಿ ಆದವರಿಗೆ ಸಿಗುವ ನ್ಯಾಷನಲ್ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್ ಎರಡು ವರ್ಷದ್ದು. ಎರಡು ವರ್ಷದಲ್ಲಿ ಒಂದು ಅಜ್ಜಿಯ ಮರೆವು ಹೇಗೆ ನಡೆಯಿತು ಅಂತ ನೋಡಲೂ ಆಗುವುದಿಲ್ಲ.

ವಯಸ್ಸಿನ ಮಿತಿ ಇನ್ನೊಂದು. ಆ ಫೆಲೋಶಿಪ್‌ಗೆ 35 ವರ್ಷದ ಮಿತಿ ಇದೆ, ಹೆಂಗಸರಿಗೆ ಐದು ವರ್ಷ ಸಡಿಲ. ಆ ಐದು ವರ್ಷ ನನ್ನಂಥವರಿಗೆ ನಿಜವಾಗಿಯೂ ಆಸರೆ, ಅದಕ್ಕೆ ಕೃತಜ್ಞತೆ ಇದೆ. ಆದರೆ ನಮ್ಮ ಕಡೆಯ ಎಷ್ಟೋ ಜನ ಹೆಂಗಸರಿಗೆ ಓದು ಮತ್ತೆ ಶುರುವಾಗುವುದೇ ಮಕ್ಕಳು ಶಾಲೆಗೆ ಹೋದ ಮೇಲೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇಂಥ ಎಷ್ಟು ಜನರಿಗೆ ಬಾಗಿಲು ತೆಗೆದಿದೆ ಅಂತ ಈ ಭಾಗದವರಿಗೆ ಗೊತ್ತು. ಮನೆಯಲ್ಲಿ ಅತ್ತೆ ಮಾವನಿಗೆ ಡಿಮೆನ್ಶಿಯಾ ಬಂದು, ಅವರನ್ನು ಐದಾರು ವರ್ಷ ನೋಡಿಕೊಂಡು, ಆಮೇಲೆ ಇದನ್ನೇ ಓದಬೇಕು ಅಂತ ಬರುವ ಹೆಂಗಸಿಗೆ ನಲವತ್ತೆರಡು ಆಗಿದ್ದರೆ ಅವಳು ಎಳೆಯ ಸಂಶೋಧಕಿ ಅಲ್ಲವೇ? ಅವಳಿಗಿಂತ ಚೆನ್ನಾಗಿ ಈ ಕಾಯಿಲೆ ಕಂಡವರು ಯಾರು? ಆರೋಗ್ಯ ಸಂಶೋಧನೆಗೆ ಹಣ ಕೊಡುವ ಇಂಡಿಯಾ ಅಲಯನ್ಸ್‌ನವರು ತಮ್ಮ ಫೆಲೋಶಿಪ್‌ಗೆ ವಯಸ್ಸು ನೋಡುವುದಿಲ್ಲ, ಪಿಎಚ್‌ಡಿ ಆದ ಮೇಲೆ ಎಷ್ಟು ವರ್ಷ ಸಂಶೋಧನೆ ಮಾಡಿದ್ದಾರೆ ಅಂತ ನೋಡುತ್ತಾರೆ. ಎಲ್ಲ ಕಡೆ ಅದೇ ಲೆಕ್ಕ ಬರಲಿ.

ಮೇಲಿನ ಹಂತದಲ್ಲಿ ಏನೂ ಆಗುತ್ತಿಲ್ಲ ಅಂತ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಡಿಮೆನ್ಶಿಯಾಗೆ ಒಂದು ಜಾಗತಿಕ ಕ್ರಿಯಾ ಯೋಜನೆ ತಂದಿತು. ಅದರಲ್ಲಿ ಏಳು ಭಾಗ, ಏಳನೆಯದು ಸಂಶೋಧನೆ. 2025ರ ಒಳಗೆ ನೂರಕ್ಕೆ 75 ದೇಶಗಳು ತಮ್ಮದೇ ಯೋಜನೆ ಮಾಡಿಕೊಳ್ಳಬೇಕು ಅಂತ ಗುರಿ ಇತ್ತು. ಆಗಲಿಲ್ಲ, ಅವಧಿಯನ್ನು 2031ರವರೆಗೆ ಮುಂದಕ್ಕೆ ಹಾಕಿದ್ದಾರೆ. ಕೇರಳ 2014ರಲ್ಲೇ ರಾಜ್ಯ ಮಟ್ಟದ ಯೋಜನೆ ಶುರು ಮಾಡಿತು. ನಮ್ಮ ರಾಜ್ಯದಲ್ಲಿ ನಿಮ್ಹಾನ್ಸ್ ಜೊತೆ ಸೇರಿ 2022ರ ಜನವರಿಯಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇದು ಒಳ್ಳೆಯ ಹೆಜ್ಜೆ. ಇದರ ಜೊತೆಗೇ ಒಂದು ಕೆಲಸ ಸೇರಿಸಿದರೆ ಸಾಕು ಅನ್ನಿಸುತ್ತದೆ. ಪ್ರತಿ ಜಿಲ್ಲೆಯಲ್ಲಿ ಇಬ್ಬರು ಸಂಶೋಧಕರ ಕಾಯಂ ಹುದ್ದೆ, ಜಿಲ್ಲಾಸ್ಪತ್ರೆಗೂ ಹತ್ತಿರದ ಕಾಲೇಜಿಗೂ ಸೇರಿದಂತೆ. ಆ ಜಿಲ್ಲೆಯ ಭಾಷೆ ಬಲ್ಲವರೇ ಆಗಿರಲಿ.

2024ರಲ್ಲಿ ಲ್ಯಾನ್ಸೆಟ್ ಆಯೋಗ ಡಿಮೆನ್ಶಿಯಾ ಅಪಾಯ ಹೆಚ್ಚಿಸುವ, ಆದರೆ ತಡೆಯಬಹುದಾದ 14 ಕಾರಣಗಳನ್ನು ಹೇಳಿದೆ. ಎಲ್ಲವನ್ನೂ ನಿಭಾಯಿಸಿದರೆ ನೂರಕ್ಕೆ 45ರಷ್ಟು ಪ್ರಕರಣ ತಡೆಯಬಹುದು ಅಥವಾ ಮುಂದೂಡಬಹುದು ಅಂತ. ಓದು ಇಲ್ಲದಿರುವುದು, ಕಿವಿ ಮಂದವಾಗುವುದು, ಚಿಕಿತ್ಸೆ ಸಿಗದೆ ಕಣ್ಣು ಮಂಜಾಗುವುದು, ಸಕ್ಕರೆ ಕಾಯಿಲೆ, ಬಿಪಿ. ಈ ಪಟ್ಟಿ ಓದಿದರೆ ನಮ್ಮ ಬೀದಿಯ ಮನೆಗಳ ಪಟ್ಟಿ ಓದಿದ ಹಾಗಿದೆ. ಆ 45ರಲ್ಲಿ ಯಾವುದರ ಪಾಲು ಇಲ್ಲಿ ಎಷ್ಟು ಅಂತ ಇಲ್ಲೇ ಇದ್ದು ನೋಡುವವರು ಬೇಕು.

ಒಂದು ಮಾತು ಯಾವ ಅರ್ಜಿಯಲ್ಲೂ ಬರೆಯಲು ಜಾಗ ಇರುವುದಿಲ್ಲ, ಇಲ್ಲಿ ಬರೆಯುತ್ತೇನೆ. ಈ ಕೆಲಸ ಮಾಡುವವರು ಬಹಳ ಸಾವು ನೋಡುತ್ತಾರೆ. ಎರಡನೇ ಭೇಟಿಗೆ ಹೋದಾಗ ಕೆಲವು ಮನೆಗಳಲ್ಲಿ ಫೋಟೋಕ್ಕೆ ಹಾರ ಹಾಕಿರುತ್ತಾರೆ. ಹೋದ ವರ್ಷ ನನ್ನ ಹೆಸರು ಹಿಡಿದು ಕರೆದ ಅಜ್ಜ ಈ ವರ್ಷ ತನ್ನ ಹೆಂಡತಿಯನ್ನೇ "ನೀವು ಯಾರ್ರೀ" ಅಂತ ಕೇಳುತ್ತಾನೆ, ಆ ತಾಯಿ ನಗುನಗುತ್ತಾ ಉತ್ತರ ಕೊಟ್ಟು ಅಡುಗೆಮನೆಗೆ ಹೋಗುತ್ತಾಳೆ. ನಾವು ಫಾರ್ಮ್ ತುಂಬಿ ಮುಂದಿನ ಮನೆಗೆ ಹೋಗಬೇಕು. ಇಪ್ಪತ್ತನಾಲ್ಕು ವರ್ಷದ ಹುಡುಗ ಹುಡುಗಿಯರು ಇವರು. ಸಂಜೆ ಕೂತು ಮಾತಾಡಲು ಒಬ್ಬ ಹಿರಿಯರು ಇದ್ದರೆ ಸಾಕು, ಅದನ್ನೂ ಕೆಲಸದ ಭಾಗ ಅಂತ ಲೆಕ್ಕ ಹಾಕಿದರೆ ಸಾಕು.

ಫೋನ್ ಬಂದ ನಂತರದ ಭಾನುವಾರ ನಾನು ನವನಗರಕ್ಕೆ ಹೋದೆ. ಜನರ ಮೇಲೆ ಅಧ್ಯಯನ ಮಾಡಲು ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಅನುಮತಿ ಮುಗಿದಿದೆ, ಹಾಗಾಗಿ ಸಂಶೋಧನೆಗೆ ಅಂತ ಒಂದು ಅಕ್ಷರವೂ ಬರೆದುಕೊಳ್ಳುವಂತಿಲ್ಲ. ಫಾರ್ಮ್ ಒಯ್ಯಲಿಲ್ಲ. ಅಜ್ಜಿ ಬೇವಿನ ಗಿಡದ ಕಟ್ಟೆ ಮೇಲೆ ಕೂತಿದ್ದರು, ಮೊದಲಿಗಿಂತ ಸಣ್ಣಗಾಗಿದ್ದಾರೆ. ನನ್ನ ಗುರುತು ಹತ್ತಲಿಲ್ಲ, ಆದರೆ ಕೈ ಹಿಡಿದುಕೊಂಡರು, ಬಿಡಲಿಲ್ಲ. ಸೊಸೆಗೆ ಕೆಲವು ವಿಷಯ ಹೇಳಿದೆ. ರಾತ್ರಿ ನಡುಮನೆಯಲ್ಲಿ ಒಂದು ಸಣ್ಣ ದೀಪ ಇರಲಿ. ಹಳೇ ಮನೆ ಮುಳುಗಿದೆ ಅಂತ ವಾದ ಮಾಡಬೇಡ, ಅವರಿಗೆ ಅದು ಪ್ರತಿ ಸಲವೂ ಹೊಸ ದುಃಖ ಆಗುತ್ತದೆ. ಬೆಳಗಾದ ಮೇಲೆ ಹೋಗೋಣ ಅನ್ನು, ಆ ಮನೆಯಲ್ಲಿ ಏನೇನಿತ್ತು ಅಂತ ಕೇಳು. ಜಿಲ್ಲಾಸ್ಪತ್ರೆಯಲ್ಲಿ ವಯಸ್ಸಾದವರನ್ನು ನೋಡುವ ವಿಭಾಗಕ್ಕೆ ಒಮ್ಮೆ ಕರೆದುಕೊಂಡು ಹೋಗು, ನಾನೂ ಬರುತ್ತೇನೆ ಅಂದೆ. ಅವಳೇ ರಾತ್ರಿ ನಿದ್ದೆಗೆಟ್ಟು ಸೊರಗಿದ್ದಳು. ನೀನು ಮಧ್ಯಾಹ್ನ ಒಂದು ಗಂಟೆ ಮಲಗು, ಗಂಡನಿಗೆ ಹೇಳು ಅಂತಲೂ ಅಂದೆ.

ಬ್ಯಾಗಿನಲ್ಲಿ ಅದೇ ಪೆನ್ಸಿಲ್ ಇತ್ತು. ಮಳೆ ಯಾವುದು ನಡೆದಿದೆ ಅಂತ ನಾನು ಕೇಳಲಿಲ್ಲ.

ಚಹಾ ಕುಡಿದು ಎದ್ದಾಗ ಸೊಸೆ ಗೇಟಿನವರೆಗೆ ಬಂದಳು. "ನಿಮ್ಮ ಪ್ರಾಜೆಕ್ಟ್ ಇರ್ಲಿ ಬಿಡ್ಲಿ, ಎಳ್ಳಮಾಸಿಗೆ ಊಟಕ್ಕ ಬರ್ರಿ ಅಕ್ಕಾರ. ಮಗಳನ್ನೂ ಕರ್ಕೊಂಡ್ ಬರ್ರಿ" ಅಂದಳು. ಬರ್ತೀನಿ ಅಂದೆ.